ತಟ್ಟೆಯ ಸವಾರರು

ಗಣೇಶನ ಮೆರವಣಿಗೆ ಬೀದಿಯ ತಿರುವಿಗೆ ಬರುವ ಮುನ್ನವೇ ಕಿಟಕಿಯ ಗಾಜುಗಳು ನಡುಗತೊಡಗಿದರೆ, “ಡಿ.ಜೆ. ಬಂತು” ಎಂದು ಮಕ್ಕಳು ಹೊರಗೆ ಓಡುತ್ತಾರೆ, “ಡಿ.ಜೆ. ಬಂತು” ಎಂದು ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಕನ್ನಡ ನಾಡಿನ ಬೀದಿಗಳಲ್ಲಿ ಈ ಎರಡಕ್ಷರ ಲಾರಿಯ ಮೇಲೆ ಪೇರಿಸಿದ ಧ್ವನಿವರ್ಧಕಗಳ ರಾಶಿಗೇ ಹೆಸರಾಗಿ ನಿಂತಿದೆ. ಪದದ ಮೂಲವನ್ನು ಕೆದಕಿದರೆ ಮಾತ್ರ ಬೇರೆಯೇ ಚಿತ್ರ ಕಾಣುತ್ತದೆ. ‘ಡಿಸ್ಕ್’ ಎಂದರೆ ತಟ್ಟೆ. ‘ಜಾಕಿ’ ಎಂದರೆ ಕುದುರೆ ಪಂದ್ಯದ ಸವಾರ. ಡಿ.ಜೆ. ಎಂಬುದು ಮೂಲತಃ ಒಬ್ಬ ಮನುಷ್ಯನ ಹೆಸರು: ತಿರುಗುವ ತಟ್ಟೆಯನ್ನು ಪಳಗಿಸಿ ಓಡಿಸುವ ಸವಾರ.

ಈಗ ಆ ಸವಾರರಲ್ಲಿ ಬಹುಮಂದಿಗೆ ತಟ್ಟೆಯೇ ಇಲ್ಲ. ಹೆಬ್ಬೆರಳಿನ ಗಾತ್ರದ ಪೆನ್ ಡ್ರೈವ್ ಒಂದನ್ನು ಜೇಬಿನಲ್ಲಿ ತಂದು, ಯಂತ್ರಕ್ಕೆ ಸಿಕ್ಕಿಸಿ, ಇಡೀ ರಾತ್ರಿಯ ಸಂಗೀತವನ್ನು ನಡೆಸಿ, ಅದನ್ನು ಮತ್ತೆ ಜೇಬಿಗಿಳಿಸಿ ಹೊರಟುಬಿಡುತ್ತಾರೆ. ಇದನ್ನು ಕಂಡು ಹಳಬರು ಕೆಲವರು ಮೂಗು ಮುರಿಯುತ್ತಾರೆ: ಮುಳ್ಳಿಲ್ಲ, ತಟ್ಟೆಯಿಲ್ಲ, ಬೆರಳಿಗೆ ಕೆಲಸವಿಲ್ಲ, ಇದೆಂತಹ ವಿದ್ಯೆ? ಹೊಸಬರೂ ಸುಮ್ಮನಿರುವವರಲ್ಲ: ಕೇಳುವವರ ಕಿವಿಗೆ ಬೀಳುವುದು ಹಾಡೇ ಹೊರತು ಹಾಡಿನ ಪೆಟ್ಟಿಗೆಯಲ್ಲವಷ್ಟೆ? ಸುಮಾರು ಕಾಲು ಶತಮಾನದಿಂದ ನಡೆದುಬಂದಿರುವ ಈ ವಾದ ಇನ್ನೂ ತೀರ್ಮಾನವಾಗಿಲ್ಲ. ಹೊರನೋಟಕ್ಕೆ ಇದು ಸಲಕರಣೆಗಳ ಜಗಳ. ಒಳಹೊಕ್ಕು ನೋಡಿದರೆ, ಕೈಯ ಕಸುಬೊಂದು ಯಂತ್ರದ ಪಾಲಾದಾಗ ಕಸುಬುಗಾರನಲ್ಲಿ ಉಳಿಯುವುದೇನು ಎಂಬ ಪ್ರಶ್ನೆ. ಕೈಮಗ್ಗದ ನೇಕಾರನೂ ಅಚ್ಚುಮೊಳೆ ಜೋಡಿಸುತ್ತಿದ್ದವನೂ ಎದುರಿಸಿದ ಪ್ರಶ್ನೆಯೇ ಇದು.

ತಂಗಿಯ ಹೊಸ ಬಟ್ಟೆಗಾಗಿ

ಕಸುಬಿನ ಬೆಲೆ ತಿಳಿಯಬೇಕಾದರೆ ಅದು ಹುಟ್ಟಿದ ಕೇರಿಗೆ ಹೋಗಬೇಕು. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಡ್ಜ್‌ವಿಕ್ ಅವೆನ್ಯೂ ಎಂಬ ರಸ್ತೆಯ 1520ನೆಯ ಸಂಖ್ಯೆಯ ಕಟ್ಟಡದಲ್ಲಿ, 1973ರ ಆಗಸ್ಟ್ 11ರಂದು ಒಂದು ಕೂಟ ಏರ್ಪಟ್ಟಿತ್ತು. ಶಾಲೆ ಮತ್ತೆ ತೆರೆಯುವ ಮುನ್ನ ಹೊಸ ಬಟ್ಟೆ ಕೊಳ್ಳಲು ನಾಲ್ಕು ಕಾಸು ಕೂಡಿಸಬೇಕೆಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಮಾಡಿದ ಏರ್ಪಾಡು ಅದು. ಹಾಡು ಹಾಕುವ ಹೊಣೆ ಅವಳ ಅಣ್ಣ, ಹದಿನೆಂಟರ ಹರೆಯದ ಕ್ಲೈವ್ ಕ್ಯಾಂಪ್‌ಬೆಲ್‌ನದು. ಜಮೈಕ ದ್ವೀಪದಿಂದ ವಲಸೆ ಬಂದ ಕುಟುಂಬದ ಈ ತರುಣನನ್ನು ಲೋಕ ಈಗ ಡಿ.ಜೆ. ಕೂಲ್ ಹರ್ಕ್ ಎಂದು ಬಲ್ಲುದು.

ಕುಣಿಯುವವರನ್ನು ಗಮನವಿಟ್ಟು ನೋಡುತ್ತಿದ್ದ ಹರ್ಕ್‌ನಿಗೆ ಒಂದು ಸಂಗತಿ ಹೊಳೆಯಿತು. ಗಾಯನ ನಿಂತು, ಉಳಿದ ವಾದ್ಯಗಳು ಹಿಂದೆ ಸರಿದು, ಬರಿಯ ತಾಳವಾದ್ಯವೇ ನುಡಿಯುವ ಕೆಲವು ಕ್ಷಣಗಳಿಗಾಗಿ ತರುಣರು ಕಾದು ನಿಲ್ಲುತ್ತಿದ್ದರು. ಸಂಗೀತ ಕಚೇರಿಯಲ್ಲಿ ತನಿ ಆವರ್ತನಕ್ಕಾಗಿ ಕಾಯುವ ಮೃದಂಗಪ್ರಿಯರಿಗೆ ಈ ಆತುರ ಚೆನ್ನಾಗಿ ಅರ್ಥವಾದೀತು. ಆದರೆ ತಟ್ಟೆಯಲ್ಲಿ ಆ ಭಾಗ ಆರಂಭವಾಗುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಹರ್ಕ್ ಕಂಡುಕೊಂಡ ಉಪಾಯ ಸರಳವಾದುದು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟ. ಒಂದರಲ್ಲಿ ತಾಳದ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಮೊದಲಿನಿಂದ ಹಿಡಿದ. ಅದು ಮುಗಿಯುವಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಿರುಗಿಸಿ ಸಿದ್ಧವಾಗಿಟ್ಟ. ಕೆಲವು ಸೆಕೆಂಡುಗಳ ತಾಳ ನಿಮಿಷಗಟ್ಟಲೆಯ ಕುಣಿತವಾಯಿತು. ಹಿಪ್-ಹಾಪ್ ಎಂದು ಜಗತ್ತೆಲ್ಲ ಕರೆಯುವ ಸಂಗೀತಕ್ಕೆ 1973ರ ಆ ಕೂಟದ ದಿನವನ್ನೇ ಹುಟ್ಟುಹಬ್ಬವಾಗಿ ಎಣಿಸುವುದುಂಟು.

ತಟ್ಟೆಯ ಮೇಲೆ ಕೈಯಿಟ್ಟವರಲ್ಲಿ ಹರ್ಕ್ ಮೊದಲಿಗನೇನೂ ಅಲ್ಲ. ಅದಕ್ಕೆ ಕೆಲವು ವರ್ಷ ಮುಂಚೆ ಅದೇ ನಗರದಲ್ಲಿ, ಹಳೆಯ ಚರ್ಚಿನ ಕಟ್ಟಡವೊಂದರಲ್ಲಿ ನಡೆಯುತ್ತಿದ್ದ ‘ಸ್ಯಾಂಕ್ಚುಯರಿ’ ನೃತ್ಯಶಾಲೆಯಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬಾತ ಎರಡು ಬೇರೆ ಬೇರೆ ಹಾಡುಗಳ ಲಯವನ್ನು ಕೂಡಿಸಿ, ಒಂದರೊಳಗೆ ಇನ್ನೊಂದನ್ನು ಕರಗಿಸುತ್ತಿದ್ದ. ಹರ್ಕ್‌ನ ಅನಂತರ ಬಂದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ವಿದ್ಯುತ್ ಉಪಕರಣಗಳ ಕೆಲಸ ಕಲಿತ ಹುಡುಗ. ಅಂದಾಜಿನ ಕೆಲಸ ಆತನಿಗೆ ಸೇರದು. ತಾಳದ ಭಾಗ ಎಲ್ಲಿ ಆರಂಭವಾಗುತ್ತದೆಂದು ತಟ್ಟೆಯ ಮೇಲೆ ಬಣ್ಣದ ಸೀಸದಿಂದ ಗುರುತು ಹಾಕಿ, ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುವಂತೆ ಎಣಿಸಿ ತಿರುಗಿಸುವ ಕ್ರಮವನ್ನು ರೂಢಿಗೆ ತಂದ. ಕೈಯಲ್ಲಿ ತಡೆದ ತಟ್ಟೆ ನಿಂತರೂ ಕೆಳಗಿನ ಯಂತ್ರ ತಿರುಗುತ್ತಲೇ ಇರಲೆಂದು, ನಡುವೆ ಹಾಸಲು ಫೆಲ್ಟ್ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಗೆಯನ್ನು ಆತನೇ ಹೇಳಿಕೊಂಡಿದ್ದಾನೆ. 1970ರ ದಶಕದ ನಡುಭಾಗದಲ್ಲಿ ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್ ಎಂಬ ಬಾಲಕ, ತಾಯಿ ಗದರಿಸಲು ಬಂದಾಗ ತಟ್ಟೆಯನ್ನು ಕೈಯಿಂದ ತಡೆದು ಹಿಡಿದು, ಆಗ ಹೊರಟ ಕರಕರ ಸದ್ದಿನಲ್ಲಿಯೇ ಹೊಸದೊಂದು ವಾದ್ಯವನ್ನು ಕಂಡನೆಂಬ ಕಥೆ ಪ್ರಸಿದ್ಧವಾಗಿದೆ. ‘ಸ್ಕ್ರ್ಯಾಚ್’ ಎಂಬ ವಿದ್ಯೆಯ ಜನನ ಹೀಗಾಯಿತು. ಕೇಳಲೆಂದು ಮಾಡಿದ ಯಂತ್ರ ಈ ಬಡ ಹುಡುಗರ ಕೈಯಲ್ಲಿ ನುಡಿಸುವ ವಾದ್ಯವಾಯಿತು.

ಶ್ರುತಿ, ಲಯ ಮತ್ತು ಒಂದು ಜಾರುಗುಂಡಿ

ಈ ಕೈಚಳಕವನ್ನೆಲ್ಲ ತಾಳಿಕೊಳ್ಳಬಲ್ಲ ಯಂತ್ರ ಜಪಾನಿನಿಂದ ಬಂದಿತು. ಮನೆಗಳಲ್ಲಿದ್ದ ಅನೇಕ ಗ್ರಾಮಫೋನುಗಳಲ್ಲಿ ಮೋಟಾರು ಒಂದು ಕಡೆ, ತಟ್ಟೆಯ ಪೀಠ ಇನ್ನೊಂದು ಕಡೆ. ನಡುವೆ ರಬ್ಬರಿನ ಪಟ್ಟಿ. ಕೈಯಿಂದ ತಡೆದರೆ ಪಟ್ಟಿ ಜಾರುತ್ತಿತ್ತು, ಬಿಟ್ಟರೆ ವೇಗ ಹಿಡಿಯಲು ತಡವಾಗುತ್ತಿತ್ತು. ಮತ್ಸುಷಿತ ಸಂಸ್ಥೆಯ ಎಂಜಿನಿಯರ್ ಶುಯಿಚಿ ಒಬಾಟ ಅವರ ತಂಡ ಪಟ್ಟಿಯನ್ನೇ ಕಿತ್ತುಹಾಕಿ ಮೋಟಾರನ್ನು ಪೀಠದ ಅಡಿಗೇ ಕೂರಿಸಿತು. ಆ ಸಂಸ್ಥೆಯ ‘ಟೆಕ್ನಿಕ್ಸ್’ ಹೆಸರಿನ ಎಸ್.ಎಲ್.-1200 ಯಂತ್ರ 1972ರಲ್ಲಿ ಬಂದಿತು. 1979ರಲ್ಲಿ ಬಂದ ಅದರ ಎರಡನೆಯ ಮಾದರಿ ಜಗತ್ತಿನ ನೃತ್ಯಶಾಲೆಗಳಲ್ಲೆಲ್ಲ ನೆಲೆಯೂರಿತು. ಅದರ ಬಲಬದಿಯಲ್ಲಿ ಮೇಲೆ ಕೆಳಗೆ ಜಾರುವ ಒಂದು ಗುಂಡಿ. ತಟ್ಟೆಯ ವೇಗವನ್ನು ಶೇಕಡ 8ರಷ್ಟು ಹೆಚ್ಚಿಸಲೂ ತಗ್ಗಿಸಲೂ ಅದರಿಂದ ಸಾಧ್ಯ.

ಸಂಗೀತ ಬಲ್ಲ ಓದುಗರು ಇಲ್ಲಿಯ ತೊಡಕನ್ನು ಆಗಲೇ ಊಹಿಸಿರಬಹುದು. ತಟ್ಟೆಯಲ್ಲಿ ಲಯವೂ ಶ್ರುತಿಯೂ ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಎತ್ತುಗಳು. ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತದೆ. ಶೇಕಡ 6ರಷ್ಟು ಹೆಚ್ಚಿಸಿದರೆ ಹೆಚ್ಚು ಕಡಿಮೆ ಒಂದು ಸ್ವರಸ್ಥಾನ ಮೇಲಕ್ಕೆ ಹೋಗಿರುತ್ತದೆ. ಆದುದರಿಂದ ಯಾವ ಹಾಡನ್ನು ಯಾವುದಕ್ಕೆ ಜೋಡಿಸಬಹುದು, ಎಷ್ಟು ಎಳೆದರೆ ಕಂಠ ಕೀರಲಾಗುತ್ತದೆ ಎಂಬ ವಿವೇಕ ಬೇಕು. ಒಂದು ಕಿವಿ ಸಭೆಯಲ್ಲಿ ನುಡಿಯುತ್ತಿರುವ ಹಾಡಿನ ಮೇಲೆ; ಹೆಡ್‌ಫೋನಿಗೆ ಒತ್ತಿದ ಇನ್ನೊಂದು ಕಿವಿ ಮುಂದೆ ಬರಬೇಕಾದ ಹಾಡಿನ ಮೇಲೆ. ಎರಡರ ಲಯ ಕೂದಲೆಳೆಯಷ್ಟೂ ಅಗಲದಂತೆ ಬೆರಳ ತುದಿಯಿಂದ ತಿದ್ದುತ್ತಿರಬೇಕು. ಇದನ್ನು ಕಲಿಯಲು ತಿಂಗಳುಗಟ್ಟಲೆಯ ಸಾಧನೆ ಬೇಕಾಗುತ್ತಿತ್ತು. 1981ರಲ್ಲಿ ಫ್ಲ್ಯಾಷ್ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು, ಬೇರೆಯವರ ತಟ್ಟೆಗಳನ್ನೇ ನುಡಿಸಿ ತನ್ನದೊಂದು ಹೊಸ ತಟ್ಟೆಯನ್ನು ಹೊರತಂದಾಗ, ಈ ಸಾಧನೆ ಎಲ್ಲಿಯವರೆಗೆ ಹೋಗಬಲ್ಲುದೆಂಬುದು ಬ್ರಾಂಕ್ಸ್‌ನ ಹೊರಗಿನವರಿಗೂ ತಿಳಿಯಿತು.

ಭಾರವೂ ಒಂದು ಗುರು

ತಟ್ಟೆಯ ಬದುಕೇನೂ ಹೂವಿನ ಹಾಸಿಗೆಯಾಗಿರಲಿಲ್ಲ. ಹನ್ನೆರಡು ಅಂಗುಲದ ವಿನೈಲ್ ತಟ್ಟೆಯೊಂದು ಹೊದಿಕೆಸಹಿತ ಸುಮಾರು 200 ಗ್ರಾಂ ತೂಗುತ್ತದೆ. ಎಂಬತ್ತು ತಟ್ಟೆಗಳ ಒಂದು ಪೆಟ್ಟಿಗೆ ಹದಿನೈದು ಕಿಲೋ ಮೀರುತ್ತದೆ. ಅಂತಹ ಎರಡು ಪೆಟ್ಟಿಗೆಗಳನ್ನು ಹೊತ್ತು ಮಹಡಿ ಹತ್ತಿದವರ ಸೊಂಟಗಳೇ ಅದಕ್ಕೆ ಸಾಕ್ಷಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮುಳ್ಳನ್ನು ಹಿಂದೆಮುಂದೆ ಎಳೆದರೆ ಅಲ್ಲಿಯ ಗೆರೆ ಸವೆದು ಸರಸರ ಸದ್ದು ಉಳಿಯುತ್ತದೆ. ಧ್ವನಿವರ್ಧಕದ ಮಂದ್ರಸ್ವರ ಮೇಜನ್ನು ಅಲುಗಿಸಿದರೆ ಅದೇ ಕಂಪನ ಮುಳ್ಳಿನ ಮೂಲಕ ಒಳಹೊಕ್ಕು ಗುಂಯ್‌ಗುಡತೊಡಗುತ್ತದೆ. ಯಾರಾದರೂ ಜೋರಾಗಿ ಕುಣಿದು ಹಲಗೆ ಅದುರಿದರೆ ಮುಳ್ಳು ಹಾರಿಬೀಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಹಣದ ಮಾತು: ಹರ್ಕ್‌ನ ದಾರಿಯಲ್ಲಿ ನಡೆಯಬೇಕಾದವನು ಒಂದೊಂದು ತಟ್ಟೆಯನ್ನೂ ಎರಡೆರಡು ಕೊಳ್ಳಬೇಕು.

ಆದರೆ ಆ ಭಾರವೇ ಒಂದು ಪಾಠವನ್ನೂ ಕಲಿಸುತ್ತಿತ್ತು. ಎಂಬತ್ತೇ ತಟ್ಟೆಗಳಿಗೆ ಜಾಗವಿರುವವನು ಮನೆಯಲ್ಲಿಯೇ ಕುಳಿತು ಯೋಚಿಸಬೇಕಾಗುತ್ತಿತ್ತು: ಇಂದು ಬರುವವರು ಯಾರು? ಮೊದಲ ಜಾವಕ್ಕೆ ಯಾವುದು, ಕೊನೆಯ ಜಾವಕ್ಕೆ ಯಾವುದು? ಕೊಂಡ ತಟ್ಟೆಯನ್ನು ಎರಡು ಬದಿಯೂ ಕೇಳಿ, ಅದರ ಏರಿಳಿತಗಳನ್ನು ಬಾಯಿಪಾಠ ಮಾಡಿಕೊಳ್ಳದೆ ವಿಧಿಯಿರಲಿಲ್ಲ. ಒಳ್ಳೆಯ ತಟ್ಟೆ ಸಿಕ್ಕರೆ ಅದು ಆಸ್ತಿ. ಹರ್ಕ್ ತಂದೆಯ ಸಲಹೆಯಂತೆ ತನ್ನ ತಟ್ಟೆಗಳ ನಡುವಿನ ಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದನಂತೆ; ಆ ಹಾಡು ಯಾವುದೆಂದು ಎದುರಾಳಿಗಳಿಗೆ ತಿಳಿಯಬಾರದಷ್ಟೆ! ಇಂದು ಕೇಳುಗನೊಬ್ಬ ಮೊಬೈಲ್ ಫೋನನ್ನು ಗಾಳಿಯಲ್ಲಿ ಹಿಡಿದರೆ ಹಾಡಿನ ಹೆಸರು ಕೆಲವು ಕ್ಷಣಗಳಲ್ಲಿ ತೆರೆಯ ಮೇಲೆ ಮೂಡುತ್ತದೆ. ಗುಟ್ಟು ಹೋಯಿತು, ಗುಟ್ಟಿನೊಡನೆ ಹುಡುಕಾಟದ ಬೆಲೆಯೂ ಸ್ವಲ್ಪ ಇಳಿಯಿತು.

ತಟ್ಟೆಯ ವೇಷ ತೊಟ್ಟ ಅಂಕಿಗಳು

ಡಿಜಿಟಲ್ ಎಂದರೆ ಧ್ವನಿಯನ್ನು ಅಂಕಿಗಳಾಗಿ ಬರೆದಿಡುವ ಕ್ರಮ. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಹೊರತಂದ ಕಾಂಪ್ಯಾಕ್ಟ್ ಡಿಸ್ಕ್ ಮನೆಮನೆಗಳನ್ನು ಹೊಕ್ಕಿತು. ಆದರೂ ಡಿ.ಜೆ.ಗಳು ಬಹುಕಾಲ ಅದನ್ನು ಹತ್ತಿರ ಸೇರಿಸಲಿಲ್ಲ. ಕಾರಣ ಸ್ಪಷ್ಟ: ಮುಚ್ಚಿದ ಪೆಟ್ಟಿಗೆಯೊಳಗೆ ತಿರುಗುವ ಆ ಚಿಕ್ಕ ತಟ್ಟೆಯನ್ನು ಕೈಯಿಂದ ಮುಟ್ಟುವಂತಿರಲಿಲ್ಲ. 2001ರಲ್ಲಿ ಪಯೊನೀರ್ ಸಂಸ್ಥೆ ಸಿ.ಡಿ.ಜೆ.-1000 ಎಂಬ ಯಂತ್ರವನ್ನು ತಂದು ಈ ಕೊರತೆಯನ್ನು ನೀಗಿಸಿತು. ಅದರ ಮೇಲ್ಭಾಗದಲ್ಲಿ ದೊಡ್ಡದೊಂದು ಚಕ್ರ. ಒಳಗಿನ ಹಾಡಿಗೂ ಆ ಚಕ್ರಕ್ಕೂ ಅಂಕಿಗಳ ಸಂಬಂಧ ಮಾತ್ರ. ಆದರೂ ಅದನ್ನು ಹಿಂದಕ್ಕೆಳೆದರೆ ಹಾಡು ಹಿಂದಕ್ಕೆ, ತಡೆದರೆ ನಿಲುಗಡೆ, ಉಜ್ಜಿದರೆ ಅದೇ ಹಳೆಯ ಕರಕರ ಸದ್ದು.

ಇದಕ್ಕಿಂತಲೂ ವಿಚಿತ್ರವಾದುದು ಅದೇ ಕಾಲಕ್ಕೆ ನೆದರ್‌ಲ್ಯಾಂಡ್ಸ್‌ನಲ್ಲಿ ರೂಪುಗೊಂಡ ‘ಫೈನಲ್ ಸ್ಕ್ರ್ಯಾಚ್’ ಎಂಬ ಏರ್ಪಾಡು. ನ್ಯೂಜಿಲೆಂಡಿನ ಸೆರಾಟೊ ಸಂಸ್ಥೆ 2004ರಲ್ಲಿ ತಂದ ಇನ್ನೊಂದು ಏರ್ಪಾಡೂ ಇದೇ ಜಾತಿಯದು. ಇದರಲ್ಲಿ ಯಂತ್ರವೂ ಹಳೆಯದೇ, ಮುಳ್ಳೂ ಹಳೆಯದೇ, ವಿನೈಲ್ ತಟ್ಟೆಯೂ ನಿಜವಾದುದೇ. ತಟ್ಟೆಯಲ್ಲಿ ಹಾಡು ಮಾತ್ರ ಇಲ್ಲ! ಅದರ ಗೆರೆಯಲ್ಲಿರುವುದು ಕಿವಿಗೆ ಕೀರಲಾಗಿ ಕೇಳುವ ಒಂದು ಸಂಕೇತಧ್ವನಿ. ಮುಳ್ಳು ಅದನ್ನು ಓದಿ ಕಂಪ್ಯೂಟರಿಗೆ ಕಳುಹಿಸುತ್ತದೆ. ಧ್ವನಿ ತಗ್ಗಿದರೆ ತಟ್ಟೆ ನಿಧಾನವಾಯಿತೆಂದೂ, ಏರಿದರೆ ವೇಗವಾಯಿತೆಂದೂ, ಎಡಬಲ ವಾಹಿನಿಗಳಲ್ಲಿ ಯಾವುದು ಮುಂದು ಎಂಬುದರಿಂದ ತಟ್ಟೆ ತಿರುಗುತ್ತಿರುವ ದಿಕ್ಕನ್ನೂ ಕಂಪ್ಯೂಟರು ತಿಳಿದುಕೊಂಡು, ತನ್ನ ಭಂಡಾರದಲ್ಲಿರುವ ಹಾಡನ್ನು ಅದಕ್ಕೆ ಸರಿಯಾಗಿ ಓಡಿಸುತ್ತದೆ. ಒಂದು ಜೊತೆ ತಟ್ಟೆಗಳಿಂದ ಸಾವಿರಾರು ಹಾಡುಗಳನ್ನು ಕೈಯಾರೆ ನುಡಿಸಬಹುದಾಯಿತು. ಡೆಟ್ರಾಯಿಟ್ ನಗರದ ಸಂಗೀತದಲ್ಲಿ ಬೆಳೆದ ಕೆನಡದ ರಿಚಿ ಹಾಟಿನ್ ಇದನ್ನು ಮೊದಲಿಗೆ ಅಪ್ಪಿಕೊಂಡವರಲ್ಲಿ ಒಬ್ಬರು.

ಗೆದ್ದ ರಾಜ ಸೋತ ರಾಜನ ಉಡುಪನ್ನು ತೊಟ್ಟಂತೆ ಈ ಕಥೆ. ಅಂಕಿಗಳಿಗೆ ಚಕ್ರ ಬೇಕಿಲ್ಲ, ಮುಳ್ಳು ಬೇಕಿಲ್ಲ, ತಿರುಗಬೇಕಾದ ಅಗತ್ಯವೇ ಇಲ್ಲ. ಆದರೆ ಮೂವತ್ತು ವರ್ಷಗಳಲ್ಲಿ ಬೆರಳುಗಳು ಕಲಿತ ಭಾಷೆಯನ್ನು ಬಿಟ್ಟುಕೊಡಲು ಕಸುಬುಗಾರರು ಒಪ್ಪಲಿಲ್ಲ. ಯಂತ್ರವೇ ಅವರ ಭಾಷೆಯನ್ನು ಕಲಿಯಬೇಕಾಯಿತು.

ಯಾವುದರ ಧ್ವನಿ ಮೇಲು?

ತಟ್ಟೆಯ ಧ್ವನಿಯಲ್ಲಿ ಒಂದು ಬೆಚ್ಚನೆಯ ಗುಣವುಂಟೆಂದೂ, ಅಂಕಿಗಳ ಧ್ವನಿ ಮೆಟ್ಟಲು ಮೆಟ್ಟಲಾಗಿದ್ದು ನಡುವೆ ಬಿರುಕುಗಳಿರುತ್ತವೆಂದೂ ಹೇಳುವವರು ಬಹಳ. ಎರಡನೆಯ ಮಾತು ಸರಿಯಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲದು. ಒಂದು ಕಂಪನವನ್ನು ಕೊರತೆಯಿಲ್ಲದೆ ಮರಳಿ ಕಟ್ಟಲು ಅದರ ಇಮ್ಮಡಿಗಿಂತ ತುಸು ಹೆಚ್ಚು ಬಾರಿ ಅಳೆದರೆ ಸಾಕೆಂಬುದು ಗಣಿತದಿಂದ ಸಿದ್ಧವಾದ ಸಂಗತಿ. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಸಲ ಅಳತೆಯಾಗಿರುತ್ತದೆ; ಹೊರಬರುವ ಅಲೆ ನುಣುಪಾದುದೇ. ಇಕ್ಕಟ್ಟಿರುವುದು ತಟ್ಟೆಯಲ್ಲಿ. ಮಂದ್ರಸ್ವರ ಎಡಕ್ಕೊಂದು ಬಲಕ್ಕೊಂದು ಬೇರೆಯಾಗಿದ್ದರೆ ಮುಳ್ಳು ಗೆರೆಯಿಂದ ಹಾರೀತೆಂದು, ಕೊರೆಯುವವರು ಅದನ್ನು ನಡುವಿಗೆ ತಂದು ಒಂದುಗೂಡಿಸುತ್ತಾರೆ. ಮುಳ್ಳು ನಡುಚೀಟಿಯ ಸಮೀಪಕ್ಕೆ ಬಂದಂತೆಲ್ಲ ಒಂದು ಸುತ್ತಿನ ಹಾದಿ ಕಿರಿದಾಗಿ ಧ್ವನಿಯ ಸ್ಪಷ್ಟತೆ ಕುಂದುತ್ತದೆ. ಆ ಬೆಚ್ಚನೆಯ ಗುಣಕ್ಕೆ ಈ ತಿದ್ದುಪಡಿಗಳೂ ಒಂದಷ್ಟು ಕಾರಣ.

ಹಾಗೆಂದು ತಟ್ಟೆಯವರ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಕಾಂಪ್ಯಾಕ್ಟ್ ಡಿಸ್ಕಿನ ಸಂಗೀತ ಸೆಕೆಂಡಿಗೆ 1,411 ಕಿಲೋಬಿಟ್‌ಗಳಷ್ಟು ವಿವರವನ್ನು ಒಳಗೊಂಡಿದ್ದರೆ, ಎಂ.ಪಿ.-3 ಕಡತದಲ್ಲಿ ಅದನ್ನು 320ಕ್ಕೋ 128ಕ್ಕೋ ಹಿಂಡಿರುತ್ತಾರೆ. 320ರಲ್ಲಿ ಕೊರತೆಯನ್ನು ಗುರುತಿಸುವುದು ಕಷ್ಟ. 128ರ ಕಡತವನ್ನು ದೊಡ್ಡ ಸಭೆಯ ಧ್ವನಿವರ್ಧಕಗಳಲ್ಲಿ ಕೇಳಿದರೆ ತಾಳಗಳ ಝಣತ್ಕಾರ ನೀರಿನಲ್ಲಿ ನೆನೆದಂತಿರುತ್ತದೆ. ಎಲ್ಲೆಲ್ಲಿಂದಲೋ ಬಿಟ್ಟಿ ಇಳಿಸಿಕೊಂಡ ಕಡತಗಳಿಂದ ಸಭೆ ನಡೆಸುವ ಡಿ.ಜೆ.ಯ ದೋಷವನ್ನು ಡಿಜಿಟಲ್ ವಿದ್ಯೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನುಳಿದುದು ‘ಸಿಂಕ್’ ಎಂಬ ಗುಂಡಿಯ ಜಗಳ. ಈಗಿನ ಯಂತ್ರಗಳಲ್ಲಿ ಅದನ್ನು ಒತ್ತಿದರೆ ಎರಡು ಹಾಡುಗಳ ಲಯ ತಾನಾಗಿಯೇ ಕೂಡಿಕೊಳ್ಳುತ್ತದೆ. ಶ್ರುತಿಯನ್ನು ಕದಲಿಸದೆ ಲಯವನ್ನು ಮಾತ್ರ ಬದಲಿಸುವ ಅನುಕೂಲವೂ ಉಂಟು. ತಿಂಗಳುಗಟ್ಟಲೆಯ ಸಾಧನೆ ಒಂದು ಬೆರಳೊತ್ತಿನಲ್ಲಿ ಮುಗಿಯಿತೆಂದು ಹಳಬರು ನೊಂದುಕೊಳ್ಳುವುದು ಸಹಜವೇ. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಎರಡು ಒಳ್ಳೆಯ ಯಂತ್ರಗಳನ್ನೂ ಪೆಟ್ಟಿಗೆಗಟ್ಟಲೆ ತಟ್ಟೆಗಳನ್ನೂ ಕೊಳ್ಳಲಾರದ ಮನೆಯ ಹುಡುಗನೋ ಹುಡುಗಿಯೋ ಇಂದು ಸಾಧಾರಣ ಕಂಪ್ಯೂಟರಿನಿಂದ ಈ ವಿದ್ಯೆಯ ಹೊಸ್ತಿಲನ್ನು ದಾಟಬಹುದು. ಬ್ರಾಂಕ್ಸ್‌ನ ಹುಡುಗರು ಕೈಗೆ ಸಿಕ್ಕ ಯಂತ್ರದಿಂದಲೇ ಹೊಸತನ್ನು ಕಟ್ಟಿದವರು. ಅವರ ಹೆಸರು ಹೇಳಿ ಬಾಗಿಲು ಮುಚ್ಚುವುದು ಅವರಿಗೇ ಒಪ್ಪಿಗೆಯಾಗದ ಮಾತು.

ಉಳಿಯುವುದು ಯಾವುದು?

64 ಜಿ.ಬಿ.ಯ ಪೆನ್ ಡ್ರೈವ್‌ನಲ್ಲಿ ಐದು ನಿಮಿಷದ ಹಾಡುಗಳು ಐದು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ತಿಂಗಳ ಬಾಡಿಗೆ ಕೊಟ್ಟು ಅಂತರಜಾಲದಿಂದ ಹಾಡು ಪಡೆಯುವವರಿಗಂತೂ ಲಕ್ಷಗಳ ಲೆಕ್ಕ. ಬಾಡಿಗೆಯ ಹಾಡಿನ ಮಾತು ಬಾಡಿಗೆಯ ಮನೆಯಂತೆಯೇ. 2020ರ ಜುಲೈಯಲ್ಲಿ ಸ್ಪಾಟಿಫೈ ಸಂಸ್ಥೆ ಡಿ.ಜೆ.ಗಳ ತಂತ್ರಾಂಶಗಳಿಗೆ ತನ್ನ ಹಾಡುಗಳನ್ನು ಕೊಡುವುದನ್ನು ನಿಲ್ಲಿಸಿದಾಗ, ಅಲ್ಲಿಯೇ ಪಟ್ಟಿ ಕಟ್ಟಿಕೊಂಡಿದ್ದವರ ಕೈ ಬರಿದಾಯಿತು. ಆ ಬಾಗಿಲು ಮತ್ತೆ ತೆರೆದುದು 2025ರಲ್ಲಿ.

ತಟ್ಟೆ ಹಾಗಲ್ಲ, ಒಡೆಯದಿದ್ದರೆ, ಬಾಗದಿದ್ದರೆ, ಅದು ಇದ್ದಲ್ಲಿ ಇರುತ್ತದೆ. ಮುಂಬಯಿಯ ಚಿತ್ರಸಂಗೀತದಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಜಪಾನಿನ ವಿದ್ಯುದ್ವಾದ್ಯಗಳಿಂದ ಹತ್ತು ರಾಗಗಳನ್ನು ನೃತ್ಯದ ತಾಳಕ್ಕೆ ಹೊಂದಿಸಿ ಒಂದು ತಟ್ಟೆಯನ್ನು ಮುದ್ರಿಸಿದರು. ಆಗ ಅದನ್ನು ಕೇಳಿದವರು ಕೆಲವರೇ. ಇಪ್ಪತ್ತು ವರ್ಷಗಳ ಮೇಲೆ ನೆದರ್‌ಲ್ಯಾಂಡ್ಸ್‌ನ ಸಂಗ್ರಾಹಕನೊಬ್ಬನಿಗೆ ದೆಹಲಿಯಲ್ಲಿ ಅದರ ಒಂದು ಪ್ರತಿ ಸಿಕ್ಕಿತು; 2010ರಲ್ಲಿ ಅದು ಮರುಮುದ್ರಣಗೊಂಡು, ಮುಂದೆ ಬಂದ ‘ಆಸಿಡ್ ಹೌಸ್’ ನೃತ್ಯಸಂಗೀತದ ಧ್ವನಿಯನ್ನು ಮುಂಬಯಿಯಲ್ಲಿ ಒಬ್ಬರು ಮೊದಲೇ ಮುಟ್ಟಿದ್ದರೆಂದು ಲೋಕ ಬೆರಗಾಯಿತು. ಧೂಳು ಹಿಡಿದು ಕುಳಿತಿದ್ದ ಆ ಪ್ರತಿ ಯಾರ ಅಪ್ಪಣೆಗೂ ಕಾಯದೆ ತನ್ನ ಹಾಡನ್ನು ಕಾಪಾಡಿಕೊಂಡಿತ್ತು.

ತಟ್ಟೆಯ ಕಾಲ ಮುಗಿಯಿತೆಂದು 2010ರಲ್ಲಿ ನಿಂತುಹೋಗಿದ್ದ ಎಸ್.ಎಲ್.-1200 ಯಂತ್ರದ ತಯಾರಿಕೆ 2016ರಲ್ಲಿ ಮತ್ತೆ ಆರಂಭವಾಯಿತು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಬ್ಯಾನಿಂಗ್ ಊರಿನಲ್ಲಿ, ತಟ್ಟೆಯ ಮೂಲಪ್ರತಿ ಕೊರೆಯಲು ಬೇಕಾದ ಅರಗುಬಿಲ್ಲೆಗಳನ್ನು ಮಾಡುತ್ತಿದ್ದ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ, ಇನ್ನು ತಟ್ಟೆಯ ಗತಿಯೇನೆಂದು ಅನೇಕರು ಹೆದರಿದರು. ಆದರೂ ಅಮೆರಿಕದಲ್ಲಿ 2022ರಲ್ಲಿ 4 ಕೋಟಿ 10 ಲಕ್ಷ ವಿನೈಲ್ ತಟ್ಟೆಗಳು ಮಾರಾಟವಾದುವು. ಕಾಂಪ್ಯಾಕ್ಟ್ ಡಿಸ್ಕುಗಳು 3 ಕೋಟಿ 30 ಲಕ್ಷ. 1987ರ ಅನಂತರ ತಟ್ಟೆಯ ಸಂಖ್ಯೆ ಮುಂದೆ ಬಂದುದು ಅದೇ ಮೊದಲು.

ಹಾಗಾದರೆ ಹೊಸದಾಗಿ ಕಲಿಯಹೊರಟವರು ಯಾವ ದಾರಿ ಹಿಡಿಯಬೇಕು? ಕೈಯಲ್ಲಿ ಹಣ ಕಡಮೆಯಿದ್ದರೆ ಅಂಕಿಗಳ ದಾರಿಯೇ ಸರಿ. ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಆದರೆ ಲಯ ಕೂಡಿಸುವ ಕೆಲಸವನ್ನು ಗುಂಡಿಗೆ ಒಪ್ಪಿಸಿದ ಮೇಲೆ ಬಿಡುವಾದ ಕಿವಿಯನ್ನು ಏನು ಮಾಡುತ್ತಾರೆಂಬುದರ ಮೇಲೆ ಅವರ ಯೋಗ್ಯತೆ ನಿಂತಿದೆ. ಎದುರಿಗಿರುವವರ ಕಾಲುಗಳು ಯಾವಾಗ ದಣಿಯುತ್ತವೆ, ಯಾವ ಹಾಡು ಅವರನ್ನು ಮತ್ತೆ ಎಬ್ಬಿಸುತ್ತದೆ, ಯಾವುದನ್ನು ಇಂದು ಹಾಕಲೇಬಾರದು ಎಂಬುದನ್ನು ಹೇಳುವ ಗುಂಡಿ ಎಂಬತ್ತು ತಟ್ಟೆಗಳ ಪೆಟ್ಟಿಗೆಯಲ್ಲಿಯೂ ಇರಲಿಲ್ಲ, ಪೆನ್ ಡ್ರೈವ್‌ನಲ್ಲಿಯೂ ಇಲ್ಲ. ಪೆಟ್ಟಿಗೆ ತನ್ನ ಭಾರದಿಂದ ಆ ಯೋಚನೆಯನ್ನು ಬಲವಂತವಾಗಿ ಮಾಡಿಸುತ್ತಿತ್ತು. ಭಾರವಿಲ್ಲದವನು ಅದನ್ನು ತಾನಾಗಿಯೇ ಮಾಡಬೇಕು. ಐದು ಸಾವಿರ ಹಾಡುಗಳಿಗೆ ಜಾಗವಿದ್ದರೂ, ಹೊರಡುವ ಮುನ್ನ ಎಂಬತ್ತನ್ನೇ ಆರಿಸಿ, ಆ ಎಂಬತ್ತನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿ ಹೊರಡುವ ತರುಣನ ಕೈಯಲ್ಲಿ ತಟ್ಟೆಯಿಲ್ಲದಿದ್ದರೂ ಆತ ಸವಾರನೇ ಸರಿ.